ಆಲ್ಜಿನೇಟೋ ಜೆಲಾಟಿನೋ ಆಮೇಲೆ, ಮೊದಲು ಆ ಆಲ್ಬುಮಿನ್ ಪಕ್ಕಕ್ಕಿಡಿ

ರಕ್ತನಾಳ ಬೆಳೆಸುವ ಪ್ರೋಟೀನ್ ವಿಇಜಿಎಫ್ ಅನ್ನು ಒಂದು ತಿಂಗಳು ನಿಧಾನವಾಗಿ ಬಿಡಲು ಕಡಲಕಳೆಯಿಂದ ತೆಗೆದ ಆಲ್ಜಿನೇಟ್ ಜೆಲ್ ಒಳ್ಳೆಯದಾ, ಜೆಲಾಟಿನ್ ಒಳ್ಳೆಯದಾ ಎಂದು ಕೇಳಿದ್ದೀರಿ. ಸದ್ಯಕ್ಕೆ ಅದರ ಬದಲು ಅಗ್ಗದ ಪ್ರೋಟೀನ್ ಆಲ್ಬುಮಿನ್ ಹಾಕಿ ನೋಡುತ್ತಿದ್ದೇನೆ ಎಂದೂ ಬರೆದಿದ್ದೀರಿ. ಆ ಕೊನೆಯ ಮಾತು ಓದಿ ಎದೆ ಧಸಕ್ಕೆಂದಿತು. ನಾನು ಮಾಡಿದ್ದೂ ಅದನ್ನೇ.

ಕುಂಬಳೆಯಿಂದ ಬೆಳಿಗ್ಗೆ ರೈಲು ಹಿಡಿದು ಮಂಗಳೂರಿನ ಲ್ಯಾಬಿಗೆ ಹೋಗುತ್ತಿದ್ದ ಕಾಲ ಅದು. ವಿಇಜಿಎಫ್ ಅನ್ನು ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಳ್ಳಬೇಕು, ಆಲ್ಬುಮಿನ್ ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ. ಮೊದಲು ಇದರಲ್ಲಿ ಎಲ್ಲ ಸರಿ ಮಾಡಿಕೊಳ್ಳೋಣ, ಆಮೇಲೆ ಅಸಲಿ ಪ್ರೋಟೀನ್ ಎಂದುಕೊಂಡೆ. ಆಲ್ಜಿನೇಟನ್ನು ಸಿರಿಂಜಿನಿಂದ ಕ್ಯಾಲ್ಸಿಯಂ ಕ್ಲೋರೈಡಿಗೆ ಹನಿಹನಿಯಾಗಿ ಬಿಟ್ಟರೆ ಬೆಂದ ಸಾಬಕ್ಕಿಯಂಥ ಮಣಿಗಳು. ಮೊದಲ ದಿನವೇ ಅರ್ಧಕ್ಕಿಂತ ಜಾಸ್ತಿ ಆಲ್ಬುಮಿನ್ ಹೊರಗೆ, ದೊಡ್ಡ ಕಣ್ಣಿನ ಬಲೆಯಿಂದ ಬೂತಾಯಿ ಮೀನು ನುಸುಳಿದ ಹಾಗೆ. ಆಲ್ಜಿನೇಟ್ ಗಟ್ಟಿ ಮಾಡಿದೆ. ಕ್ಯಾಲ್ಸಿಯಂ ಏರಿಸಿದೆ. ಮೇಲೆ ಸಿಗಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಲೇಪ ಕೊಟ್ಟೆ. 11 ತಿಂಗಳಾದ ಮೇಲೆ ಮೂರು ವಾರ ಎಳೆಯುವ ಚಂದದ ಗ್ರಾಫ್ ಬಂತು.

ಅದೇ ಮಣಿಗೆ ವಿಇಜಿಎಫ್ ತುಂಬಿದೆ. ಹೊರಬಂದ ಪ್ರೋಟೀನ್ ಇದ್ದರೆ ಹಳದಿ ಬಣ್ಣ ತೋರಿಸುವ ಎಲೈಸಾ ಪರೀಕ್ಷೆ ಮಾಡಿದೆ. ಪ್ಲೇಟಿನಲ್ಲಿ, ಗೊತ್ತಿರುವ ಅಳತೆಯ ವಿಇಜಿಎಫ್ ಹಾಕಿದ ಸ್ಟ್ಯಾಂಡರ್ಡ್ ಸಾಲು ಹಳದಿಯಾಯಿತು. ನನ್ನ ಸ್ಯಾಂಪಲಿನ ಗುಂಡಿಗಳು ನೀರಿನ ಹಾಗೆ ತಿಳಿ. ಮೊದಲ ದಿನದ್ದೂ ಹಾಗೇ, 21ನೇ ದಿನದ್ದೂ ಹಾಗೇ. ಮಣಿಗಳನ್ನು ಸಿಟ್ರೇಟಿನಲ್ಲಿ ಕರಗಿಸಿ ನೋಡಿದೆ. ಅಲ್ಲೇ ಇತ್ತು, ಒಳಗೇ ಅಂಟಿಕೊಂಡು.

ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಪಿಎಚ್ 7.4ರಲ್ಲಿ ಆಲ್ಬುಮಿನ್ ಚಾರ್ಜ್ ನೆಗೆಟಿವ್, ಆಲ್ಜಿನೇಟೂ ನೆಗೆಟಿವ್. ಜೆಲ್ ಅದನ್ನು ಹಿಡಿಯುವುದೇ ಇಲ್ಲ. ಆಲ್ಬುಮಿನನ್ನು ತಡೆದದ್ದು ಮೇಲಿನ ಕೈಟೋಸಾನ್ ಲೇಪ. ನಾವು ಬಳಸುವ ವಿಇಜಿಎಫ್-165 ಎಂಬ ರೂಪ ಪಾಸಿಟಿವ್. ಹೆಪಾರಿನ್‌ನಂಥ ನೆಗೆಟಿವ್ ಸಕ್ಕರೆ ಸರಪಳಿಗೆ ಅಂಟಲೆಂದೇ ಅದರಲ್ಲೊಂದು ಭಾಗವಿದೆ. ಆಲ್ಜಿನೇಟೂ ಅಂಥದ್ದೇ ಸರಪಳಿ, ಅದಕ್ಕೆ ಅಂಟದೆ ಇರುತ್ತದಾ? ಓಡಿಹೋಗುವ ಪ್ರೋಟೀನಿಗೆಂದು 11 ತಿಂಗಳು ಬೇಲಿ ಕಟ್ಟಿದೆ. ನನ್ನ ಪ್ರೋಟೀನ್ ಓಡುವ ಜಾತಿಯದ್ದೇ ಅಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಯಾವ ಜೆಲ್ ಎಂದು ಪ್ರೋಟೀನನ್ನು ಬಿಟ್ಟು ಹೇಳಲಾಗದು. ಜೆಲಾಟಿನ್‌ನಲ್ಲೂ ಟೈಪ್ ಎ, ಟೈಪ್ ಬಿ ಚಾರ್ಜ್ ಬೇರೆ ಬೇರೆ. ಗೈಡ್ ಹತ್ತಿರ ಜಗಳ ಮಾಡಿಯಾದರೂ ಸರಿ, ಒಂದೇ ಒಂದು ವಯಲ್ ಅಸಲಿ ವಿಇಜಿಎಫ್ ಈ ವಾರವೇ ತರಿಸಿ. ಎರಡೂ ಜೆಲ್‌ನಲ್ಲಿ ನಾಲ್ಕು ದಿನದ ಸಣ್ಣ ಪರೀಕ್ಷೆ ಮಾಡಿ. ದುಡ್ಡೇ ಇಲ್ಲವೆಂದರೆ ಲೈಸೋಜೈಮ್ ಹಾಕಿ. ಅದು 14 ಕಿಲೋಡಾಲ್ಟನ್‌ನ ಚಿಕ್ಕ ಪ್ರೋಟೀನ್, ಆದರೆ ಚಾರ್ಜ್ ಆದರೂ ಪಾಸಿಟಿವ್.

ಇನ್ನೊಂದು, ಆಲ್ಜಿನೇಟನ್ನು ಪಿಬಿಎಸ್ ಎಂಬ ಫಾಸ್ಫೇಟ್ ಉಪ್ಪುನೀರಿನಲ್ಲಿ ಇಡಬೇಡಿ. ಫಾಸ್ಫೇಟ್ ಕ್ಯಾಲ್ಸಿಯಂ ಕಿತ್ತುಕೊಂಡು ಜೆಲ್ಲನ್ನೇ ಸಡಿಲ ಮಾಡುತ್ತದೆ. ಸ್ವಲ್ಪ ಕ್ಯಾಲ್ಸಿಯಂ ಸೇರಿಸಿದ, ಫಾಸ್ಫೇಟ್ ಇಲ್ಲದ ಹೆಪೆಸ್ ಬಫರ್ ಸಾಕು.

ಎಲೈಸಾದಲ್ಲಿ ಹಳದಿ ಬಂದರೂ ಪ್ರೋಟೀನ್ ಕೆಲಸ ಮಾಡುತ್ತಿದೆ ಎಂದಲ್ಲ. 37 ಡಿಗ್ರಿಯಲ್ಲಿ ವಾರಗಟ್ಟಲೆ ಇದ್ದು ಬಂದದ್ದು ಅದು. 28ನೇ ದಿನದ ಸ್ಯಾಂಪಲನ್ನು ಹೊಕ್ಕುಳಬಳ್ಳಿಯ ರಕ್ತನಾಳದ ಕೋಶಗಳಿಗೆ ಹಾಕಿ, ಅವು ಬೆಳೆಯುತ್ತವಾ ನೋಡಿ. ಬೆಳೆದರೆ ಮಾತ್ರ ಗ್ರಾಫ್ ಬರೆಯಿರಿ.