ಯಹೂದಿ ಧರ್ಮದ ನಂಬಿಕೆಗೂ ಬಡತನದಂಥ ದಿನನಿತ್ಯದ ಸಮಸ್ಯೆಗೂ ಏನು ಸಂಬಂಧ?

ತುಂಬಾನೇ ಇದೆ, ಹೊಲ, ಕೂಲಿ, ಸಾಲ ಎಲ್ಲದಕ್ಕೂ ಅವರ ಧರ್ಮದಲ್ಲಿ ಕಟ್ಟಳೆ ಇದೆ. ಬೆಳೆ ಕುಯ್ಯೋವಾಗ ಹೊಲದ ಅಂಚು ಪೂರ್ತಿ ಕುಯ್ಯಬೇಡ, ಬಡವರಿಗೂ ಪರಊರಿನವರಿಗೂ ಬಿಡು ಅಂತ ಅವರ ಮೂಲ ಧರ್ಮಗ್ರಂಥ ತೋರಾದಲ್ಲೇ ಇದೆ. ಎಷ್ಟು ಬಿಡಬೇಕು ಅನ್ನೋದನ್ನ ಕ್ರಿ.ಶ. 200ರ ಹೊತ್ತಿಗೆ ಒಟ್ಟುಗೂಡಿದ ಯಹೂದಿ ಕಟ್ಟಳೆಗಳ ಸಂಗ್ರಹ ಮಿಶ್ನಾ ಹೇಳುತ್ತೆ, 60ರಲ್ಲಿ 1 ಪಾಲಿಗಿಂತ ಕಮ್ಮಿ ಆಗಬಾರ್ದು. ನಂಗೆ ತುಂಬಾ ಹಿಡಿಸೋದು ಅದರಲ್ಲಿರೋ ಇನ್ನೊಂದು ಮಾತು, ಬಡವರು ಆ ಬೆಳೇನ ಕುಡುಗೋಲಲ್ಲಿ ಕುಯ್ಯಬಾರ್ದು, ಗುದ್ದಲಿಯಲ್ಲಿ ಅಗೀಬಾರ್ದು, ಯಾಕಂದ್ರೆ ನೂಕುನುಗ್ಗಲಲ್ಲಿ ಒಬ್ಬರಿಗೊಬ್ಬರು ಏಟು ಮಾಡ್ಕೋಬಾರ್ದು ಅಂತ. ಹಸಿದವರು ಹೆಂಗೆ ಮುಗಿಬೀಳ್ತಾರೆ ಅಂತ ಕಣ್ಣಾರೆ ಕಂಡೋರೇ ಇದನ್ನ ಹೇಳಿರ್ಬೇಕು.

ದಿನಗೂಲಿಯವನ ದುಡ್ಡು ಅವತ್ತೇ ಕೊಡು ಅನ್ನೋದೂ ತೋರಾದ ಆಜ್ಞೆನೇ.

ಆಮೇಲೆ 12ನೇ ಶತಮಾನದ ಯಹೂದಿ ಧರ್ಮಪಂಡಿತ ಮೈಮೋನಿಡಿಸ್ ದಾನಕ್ಕೆ 8 ಮೆಟ್ಟಿಲು ಹೇಳ್ತಾರೆ, ಎಲ್ಲಕ್ಕಿಂತ ಮೇಲಿನದು ಯಾವ್ದು ಅಂದ್ರೆ ಸಾಲ ಕೊಟ್ಟೋ, ಪಾಲುದಾರನಾಗಿ ಸೇರಿಸ್ಕೊಂಡೋ, ಕೆಲಸ ಕೊಡಿಸಿಯೋ ಆ ಮನುಷ್ಯ ಇನ್ನೊಬ್ಬರ ಮುಂದೆ ಕೈಚಾಚದ ಹಾಗೆ ಮಾಡೋದು. ನ್ಯೂಯಾರ್ಕಲ್ಲಿ 1892ರಲ್ಲಿ ಶುರುವಾದ ಹೀಬ್ರೂ ಫ್ರೀ ಲೋನ್ ಸೊಸೈಟಿ ಇದೇ ದಾರೀಲಿ ಬಡ್ಡಿ ಇಲ್ಲದೆ ಸಾಲ ಕೊಡ್ತಾ ಬಂದಿದೆ, ಯಹೂದಿಗಳಲ್ಲದವರಿಗೂ.