ಇಂಜೆಕ್ಷನ್ ಆದ ಮೇಲೆ ಕೌಂಟ್ ಏರಿದೆ, ಹೆದರಬೇಕಾ?

ಪ್ರಶ್ನೆ: ಅಮ್ಮನಿಗೆ 62 ವರ್ಷ, ಸ್ತನ ಕ್ಯಾನ್ಸರ್. ಮುಂಬೈನ ಪರೇಲಿನ ಆಸ್ಪತ್ರೆಯಲ್ಲಿ ಕೀಮೋ ನಡೆಯುತ್ತಿದೆ. ಎರಡನೇ ಕೀಮೋ ಆದ ಮೇಲೆ ಬಿಳಿ ರಕ್ತಕಣ 1,100ಕ್ಕೆ ಇಳಿಯಿತು. ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಐದು ದಿನ ಕೊಟ್ಟರು. ಈಗ ಕೌಂಟ್ 24,000. ಸೊಂಟ, ಬೆನ್ನೆಲ್ಲ ನೋವು. ಪಕ್ಕದ ಮನೆಯವರು ಬ್ಲಡ್ ಕ್ಯಾನ್ಸರ್ ಆಗಿರಬಹುದು ಅಂತಾರೆ.
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಐದು ದಿನ ಈ ಇಂಜೆಕ್ಷನ್ ತಗೊಂಡ ಮೇಲೆ ಕೌಂಟ್ ಹೀಗೆ ಏರುವುದು ಬ್ಲಡ್ ಕ್ಯಾನ್ಸರ್ ಅಲ್ಲ, ಔಷಧಿ ತನ್ನ ಕೆಲಸ ಮಾಡಿದೆ. ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗಿ ಇಳಿಯುತ್ತದೆ. ರಿಪೋರ್ಟನ್ನು ನಿಮ್ಮ ಡಾಕ್ಟರಿಗೆ ತೋರಿಸಿ, ಅಷ್ಟೇ.

ಕೀಮೋ ಕ್ಯಾನ್ಸರ್ ಕಣಗಳ ಜೊತೆ ಎಲುಬಿನ ಮಜ್ಜೆಯನ್ನೂ ಹೊಡೆಯುತ್ತದೆ. ಸೋಂಕಿನ ಜೊತೆ ಕಾದಾಡುವ ನ್ಯೂಟ್ರೋಫಿಲ್‌ಗಳು ರಕ್ತದಲ್ಲಿ ಒಂದು ದಿನವೂ ಬಾಳುವುದಿಲ್ಲ, ಹಾಗಾಗಿ ಮೊದಲು ಖಾಲಿಯಾಗುವುದು ಅವೇ. ಅವನ್ನು ಹುಟ್ಟಿಸು ಅಂತ ಮಜ್ಜೆಗೆ ಹೇಳುವ ಜಿ-ಸಿಎಸ್‌ಎಫ್ ಅನ್ನುವ ಪ್ರೋಟೀನ್ ನಮ್ಮ ಮೈಯಲ್ಲೇ ಇದೆ, ಈ ಇಂಜೆಕ್ಷನ್ ಅದನ್ನೇ ಹೊರಗೆ ತಯಾರಿಸಿದ ರೂಪ. 1960ರ ದಶಕದಲ್ಲಿ ಮೆಲ್ಬರ್ನ್‌ನಲ್ಲಿ ವಿಜ್ಞಾನಿಗಳಾದ ಡೊನಾಲ್ಡ್ ಮೆಟ್ಕಾಫ್, ರೇ ಬ್ರಾಡ್ಲಿ ಮಜ್ಜೆಯ ಕಣಗಳನ್ನು ತಟ್ಟೆಯಲ್ಲಿ ಬೆಳೆಸುವಾಗ ಅವು ಗುಂಪುಗುಂಪಾಗಿ ಕಾಲನಿ ಕಟ್ಟಿದ್ದನ್ನು ನೋಡಿದರು. ಹಾಗೆ ಬೆಳೆಯಲು ಹೇಳುವ ವಸ್ತು ಯಾವುದು ಅಂತ ಹುಡುಕುತ್ತಾ ಹೋದ ವರ್ಷಗಳ ದುಡಿಮೆಯ ಫಲ 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಔಷಧಿ. ನನಗಂತೂ ಇದು ದೊಡ್ಡ ಉಪಕಾರ ಅನಿಸುತ್ತದೆ.

ನೋವು ಕೂಡ ಮಜ್ಜೆಯಿಂದಲೇ. ಮಜ್ಜೆ ಜಾಸ್ತಿ ಇರುವುದು ಸೊಂಟ, ಬೆನ್ನೆಲುಬು, ಎದೆಯ ಎಲುಬಿನಲ್ಲಿ, ಅಲ್ಲಿ ಕೆಲಸ ಜೋರಾದಾಗ ನೋಯುತ್ತದೆ. ಪ್ಯಾರಾಸಿಟಮಾಲ್ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ. ಕೊಡುವ ಮೊದಲು ಮಾತ್ರ ಜ್ವರ ಅಳೆಯಿರಿ, ಇಲ್ಲದಿದ್ದರೆ ಮಾತ್ರೆ ಜ್ವರವನ್ನು ಮುಚ್ಚಿಬಿಡುತ್ತದೆ. ಎಡ ಪಕ್ಕೆಯ ಕೆಳಗೆ ಅಥವಾ ಎಡ ಭುಜದಲ್ಲಿ ಜೋರು ನೋವು ಬಂದರೆ ಅದು ಬೇರೆ ಮಾತು. ಅಪರೂಪಕ್ಕೆ ಅಲ್ಲಿರುವ ಗುಲ್ಮಕ್ಕೆ (ಸ್ಪ್ಲೀನ್) ಪೆಟ್ಟಾಗುತ್ತದೆ, ತಕ್ಷಣ ಹೋಗಬೇಕು.

ಮುಂದಿನ ಕೀಮೋಗೆ ಒಂದು ಮಾತು. ಇಂಜೆಕ್ಷನ್ ಶುರು ಮಾಡಿದ ಮೊದಲ ಒಂದೆರಡು ದಿನ ಕೌಂಟ್ ಸ್ವಲ್ಪ ಏರಿ ಮತ್ತೆ ಬೀಳಬಹುದು. ಏರಿತು ಅಂತ ನೀವೇ ನಿಲ್ಲಿಸಬೇಡಿ. ಔಷಧಿಯನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಿ, ಫ್ರೀಜರಿನಲ್ಲಿ ಬೇಡ. ಪರೇಲಿನಿಂದ ಲೋಕಲ್‌ನಲ್ಲಿ ತರುವಾಗ ಐಸ್ ಪ್ಯಾಕ್ ಇರುವ ಡಬ್ಬಿ ಬೇಕೇ ಬೇಕು, ಆದರೆ ಸಿರಿಂಜ್ ಐಸಿಗೆ ತಾಗದಂತೆ ಬಟ್ಟೆ ಸುತ್ತಿ.

ಹೆದರಬೇಕಾದದ್ದು ಕೌಂಟ್ ಇಳಿದ ದಿನಗಳಲ್ಲಿ ಬರುವ ಜ್ವರಕ್ಕೆ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿ ಎರಡು ಗಂಟೆಯಾದರೂ ಕಾಯಬೇಡಿ. ಆ ಹೊತ್ತಿಗೆ ಡೊಂಬಿವಲಿಯಿಂದ ಪರೇಲು ದೂರ ಅಲ್ವಾ? ಹತ್ತಿರದ ಯಾವ ಆಸ್ಪತ್ರೆಗೆ ಹೋಗಬೇಕು ಅಂತ ನಿಮ್ಮ ಡಾಕ್ಟರನ್ನು ಈಗಲೇ ಕೇಳಿ, ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.