ಮಂಗಳೂರಿನಿಂದ ಎರಡು ದಿನದಲ್ಲಿ ನೋಡಬಹುದಾದ ವನ್ಯಧಾಮ ಯಾವುದು? ಹುಲಿ, ಆನೆ ಕಾಣಸಿಗುತ್ತವೆಯೇ?

ಹುಲಿ, ಆನೆ ನೋಡಲೇಬೇಕು ಅಂತಿದ್ದರೆ ನಾಗರಹೊಳೆಗೆ ಹೋಗಿ ಮಾರಾಯ್ರೆ. ನಮ್ಮ ಘಟ್ಟದ ಬುಡದ ಕಾಡು ಎಷ್ಟು ದಟ್ಟವೆಂದರೆ ಹತ್ತು ಮಾರು ಆಚೆ ಹುಲಿ ಮಲಗಿದ್ದರೂ ಗೊತ್ತಾಗುವುದಿಲ್ಲ. ಸಣ್ಣ ಮಕ್ಕಳಿದ್ದರೆ ಪಿಲಿಕುಳ ಉಂಟು, ಆದರೆ ಅದು ಮೃಗಾಲಯ.

ನಾನಾದರೆ ಸೀತಾನದಿ ಹಿಡಿದು ಹೋಗುತ್ತೇನೆ. ಘಟ್ಟದಲ್ಲಿ ಹುಟ್ಟಿ ಕೋಡಿ ಬೆಂಗ್ರೆಯಲ್ಲಿ ಸ್ವರ್ಣೆಯ ಜೊತೆ ಕಡಲು ಸೇರುವ ಪುಟ್ಟ ನದಿ ಅದು. ಮೊದಲು ಸಾಲಿಗ್ರಾಮದ ಪಾರಂಪಳ್ಳಿ ಕಡೆ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಹತ್ತಿ ಕಾಂಡ್ಲಾ ಕಾಡು, ಅಂದರೆ ಮ್ಯಾಂಗ್ರೋವ್, ನೋಡಿ. ಉಪ್ಪುನೀರಿನ ಕೆಸರಲ್ಲಿ ಗಾಳಿಯಾಡುವುದಿಲ್ಲವಲ್ಲ, ಹಾಗಾಗಿ ಕೆಲವು ಮರಗಳ ಬೇರು ಮೇಲಕ್ಕೆದ್ದು ಉಸಿರಾಡುತ್ತವೆ. ಇನ್ನು ಕೆಲವದರ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿಯಂತೆ ನೇತಾಡುತ್ತದೆ. ಇಳಿತದ ಹೊತ್ತು ಕೇಳಿಕೊಂಡು ಹೋಗಿ, ಆಗ ಏಡಿ, ಬೆಳ್ಳಕ್ಕಿ ಜಾಸ್ತಿ.

ಊಟ ಮುಗಿಸಿ ಹೆಬ್ರಿಗೆ ಬಂದರೆ ಮುಂದೆ ಸೋಮೇಶ್ವರ ವನ್ಯಧಾಮ, 1974ರದ್ದು. ಇಲ್ಲಿ ಕತ್ತು ನೋಯುವಷ್ಟು ಮೇಲೆ ನೋಡಬೇಕು. ಹಾರುವ ಓತಿ, ಕೆಂದಳಿಲು, ಮಂಗಟ್ಟೆ ಹಕ್ಕಿ ಎಲ್ಲ ಮರದ ಮೇಲಿನವು. ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಸಿಂಗಳೀಕವಂತೂ ನೆಲಕ್ಕಿಳಿಯುವುದೇ ಅಪರೂಪ. ಅದು ಓಡಾಡಲು ಕೊಂಬೆಗೆ ಕೊಂಬೆ ತಾಗಿಕೊಂಡಿರಬೇಕು. ನಡುವೆ ರಸ್ತೆ ಅಗಲವಾದರೆ ಅದರ ದಾರಿ ತುಂಡಾದಂತೆ. ಕೆಳಗಿನ ತರಗೆಲೆ ಕಾಳಿಂಗ ಸರ್ಪದ್ದು. ಎಲೆ ಗುಡ್ಡೆಹಾಕಿ ಮೊಟ್ಟೆಗೆ ಗೂಡು ಕಟ್ಟುವ ಹಾವು ಅದು. ಆಗುಂಬೆ ಘಾಟಿಯ ತಿರುವಿನಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಚಿಪ್ಸ್ ಎಸೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ರುಚಿಗೆ ಮಂಗಗಳು ರಸ್ತೆಗೇ ಬಂದು ಕೂರುತ್ತವೆ, ಗಾಡಿಯಡಿಗೆ ಬೀಳುತ್ತವೆ.

ಮರುದಿನ ಕಾರ್ಕಳದಿಂದ ಕುದುರೆಮುಖ. 1987ರಿಂದ ರಾಷ್ಟ್ರೀಯ ಉದ್ಯಾನ. ಸುಪ್ರೀಂ ಕೋರ್ಟ್ ತೀರ್ಪಿನಿಂದ ಅಲ್ಲಿನ ಅದಿರು ಗಣಿ 2005ರ ಕೊನೆಗೆ ನಿಂತಿತು. ಘಟ್ಟ ಹತ್ತುತ್ತಿದ್ದಂತೆ ಕಾಡು ಸರಿದು ಬೋಳುಗುಡ್ಡ ಕಾಣುತ್ತದೆ. ಯಾರೋ ಮರ ಕಡಿದರು ಅಂದುಕೊಳ್ಳಬೇಡಿ. ಗಾಳಿ ಹೊಡೆಯುವ ಇಳಿಜಾರಿನಲ್ಲಿ ಹುಲ್ಲು, ನೀರು ನಿಲ್ಲುವ ಕಣಿವೆಯಲ್ಲಿ ಶೋಲಾ ಕಾಡು, ಇದು ಅಲ್ಲಿನ ಸಹಜ ರೂಪ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ.

ಗುಡ್ಡ ಹತ್ತುವುದಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಆನ್‌ಲೈನ್‌ನಲ್ಲಿ ಪಡೆದಿರಿ. ಮಳೆಗಾಲದಲ್ಲಿ ಇಂಬಳದ (ಜಿಗಣೆಯ) ಕಾಟ ವಿಪರೀತ, ಮಂಜಿನಲ್ಲಿ ಏನೂ ಕಾಣುವುದೂ ಇಲ್ಲ. ನವೆಂಬರ್ ಹೊತ್ತಿಗೆ ಬನ್ನಿ, ಹುಲ್ಲು ಇನ್ನೂ ಹಸಿರಿರುತ್ತದೆ.